ಪ್ಲೈವುಡ್ಡಿನ ಕೆರೆ

ನಲವತ್ತು ದಾಟಿದ ಗಂಡಸರಿಗೆ ಇದ್ದಕ್ಕಿದ್ದಂತೆ ಏನಾದರೊಂದು ಹುಚ್ಚು ಹಿಡಿದುಕೊಳ್ಳುತ್ತದೆ. ನಮ್ಮ ಆಫೀಸಿನಲ್ಲಿ ಒಬ್ಬರು ಬೆಳಗಾಗೆದ್ದು ಹೊಸೂರು ರಸ್ತೆಯಲ್ಲಿ ಸೈಕಲ್ ತುಳಿಯತೊಡಗಿದರು. ಇನ್ನೊಬ್ಬರು ಕೊಳಲು ಕೊಂಡು ಅಕ್ಕಪಕ್ಕದವರ ನೆಮ್ಮದಿ ಕೊಂದರು. ನನಗೆ ಹಿಡಿದದ್ದು ಅಕ್ವೇರಿಯಂ. ಅಂಗಡಿಯಲ್ಲಿ ಸಿಗುವ ಗಾಜಿನ ಪೆಟ್ಟಿಗೆಯಲ್ಲ; ಮಂಚದಷ್ಟು ಉದ್ದ, ಸೊಂಟದೆತ್ತರ, ಮುಂದೆ ಮಾತ್ರ ಗಾಜು, ಉಳಿದ ಕಡೆಯೆಲ್ಲ ಪ್ಲೈವುಡ್, ಅದೂ ಸ್ವತಃ ನಾನೇ ಕಟ್ಟಬೇಕಾದದ್ದು. ಅದಕ್ಕೊಂದು ಕಾರಣವಿತ್ತು. ನಾನು ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ್ದನ್ನು ಅಳೆದು ನೋಡಿ ‘ಸರಿಯಿಲ್ಲ’ ಎನ್ನುವುದಕ್ಕೆ ನನಗೆ ಸಂಬಳ. ಇಷ್ಟು ವರ್ಷ ದುಡಿದರೂ ನನ್ನ ಕೈಯಿಂದ ಒಂದು ಮಣೆಯೂ ಹುಟ್ಟಿರಲಿಲ್ಲ.

ವಿಷಯ ತಿಳಿಸಿದಾಗ ಹೆಂಡತಿ ವೀಣಾ ಸಿಟ್ಟಾಗಲಿಲ್ಲ. “ಪ್ಲೈವುಡ್ ನೀರಲ್ಲಿ ನೆನೆದ್ರೆ ಏನಾಗುತ್ತೆ ಅಂತ ನಮ್ಮ ಬಾತ್‌ರೂಮ್ ಬಾಗಿಲು ನೋಡಿದ್ರೆ ಗೊತ್ತಾಗಲ್ವಾ?” ಎಂದಷ್ಟೇ ಕೇಳಿದಳು. ಅದಕ್ಕೇ ಒಳಗೆಲ್ಲ ಎಪಾಕ್ಸಿ ಎಂಬ ಗಟ್ಟಿ ಅಂಟು ಬಳಿಯುವುದು, ಆಮೇಲೆ ಒಂದು ಹನಿಯೂ ಇಳಿಯುವುದಿಲ್ಲ ಎಂದು ನಾನು ಮೊಬೈಲಿನಲ್ಲಿ ಕಲಿತ ಪಾಂಡಿತ್ಯವನ್ನೆಲ್ಲ ಹರಿಸಿದೆ. ಅವಳು ಬಾತ್‌ರೂಮಿನ ಬಾಗಿಲನ್ನು ಕಾಲಿನಿಂದ ಒದ್ದು ಮುಚ್ಚಿದಳು. ಅದು ಕೈಯಿಂದ ಮುಚ್ಚುವ ಸ್ಥಿತಿಯಲ್ಲಿರಲಿಲ್ಲ.

ನಾವಿರುವುದು ಚಂದಾಪುರದಲ್ಲಿ, ಬಾಡಿಗೆಗೆ, ನೆಲಮಹಡಿಯಲ್ಲಿ. ಮೂರು ಮಹಡಿಯ ಇಡೀ ಕಟ್ಟಡದ ಮಾಲೀಕರಾದ ಮುನಿಯಣ್ಣ ನಮ್ಮ ಮೇಲಿನ ಮಹಡಿಯಲ್ಲಿದ್ದಾರೆ. ಒಂದು ಕಾಲಕ್ಕೆ ಇದೇ ಜಾಗದಲ್ಲಿ ರಾಗಿ ಬೆಳೆದವರು, ಈಗ ನಮ್ಮಂಥವರನ್ನು ಇಟ್ಟುಕೊಂಡಿದ್ದಾರೆ. ನಡುಮನೆಯ ತುಂಬ ನಾನು ಹಲಗೆ ಹರಡಿಕೊಂಡು ಸ್ಕ್ರೂ ತಿರುಗಿಸುತ್ತಿದ್ದಾಗ ಅವರು ಕಿಟಕಿಯಲ್ಲಿ ಇಣುಕಿ, “ಏನ್ ಸಾರ್, ಹೆಣದ್ ಪೆಟ್ಗೆ ಇದ್ದಂಗೈತಲ್ಲ, ಯಾರ್ಗೆ?” ಎಂದರು. ಮೀನಿಗೆ ಎಂದೆ. “ಅಷ್ಟ್ ದಪ್ಪ ಮೀನಾ!” ಎಂದು ಹೊರಟುಹೋದರು. ಮೂಲೆಗಳು ಕೂಡುತ್ತಿರಲಿಲ್ಲ. ಕಾರ್ಖಾನೆಯಲ್ಲಾಗಿದ್ದರೆ ಮಾಡಿದವನನ್ನು ಕರೆಸಿ ಬೆವರಿಳಿಸುತ್ತಿದ್ದೆ. ಇಲ್ಲಿ ಎಪಾಕ್ಸಿಯನ್ನು ಚಟ್ನಿಯಂತೆ ಮೆತ್ತಿ ಮುಂದೆ ಹೋದೆ. ವಾರಗಟ್ಟಲೆ ನಮ್ಮ ಸಾರು, ಪಲ್ಯ, ಕಾಫಿ ಎಲ್ಲಕ್ಕೂ ಅದರದೇ ವಾಸನೆ.

ಕೊನೆಗೊಂದು ಶನಿವಾರ ಎಲ್ಲ ಚೆನ್ನಾಗಿ ಒಣಗಿತು. ಸೋರುತ್ತದೋ ಇಲ್ಲವೋ ನೋಡಲು ನಲ್ಲಿಗೆ ಪೈಪು ಸಿಕ್ಕಿಸಿ ನೀರು ಬಿಟ್ಟೆ. ಮಧ್ಯಾಹ್ನವೆಲ್ಲ ತುಂಬಿತು. ನಾನು ನೆಲದ ಮೇಲೆ ಬೋರಲು ಮಲಗಿ, ಟಾರ್ಚು ಹಿಡಿದು, ಒಂದೊಂದು ಮೂಲೆಯನ್ನೂ ಬೆರಳಿನಿಂದ ಸವರಿದೆ. ಒಣ ಒಣ! ಪೆಟ್ಟಿಗೆ ತುಂಬಿ ನಿಂತಿತು. ಬಂಧುಗಳ ಗುಂಪಿಗೆಲ್ಲ ಫೋಟೋ ಕಳಿಸಿದೆ. ಅಷ್ಟು ನೀರು ಎಲ್ಲಿಂದ ಬಂತೆಂಬ ಯೋಚನೆ ಮಾತ್ರ ತಲೆಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮುನಿಯಣ್ಣ ಬಾಗಿಲು ತಟ್ಟಿದರು. ಮುಖ ಬಾಡಿತ್ತು. “ಸಾರ್, ಮ್ಯಾಲಿನ್ ಟ್ಯಾಂಕಲ್ಲಿ ಒಂದ್ ಚೊಂಬು ನೀರಿಲ್ಲ. ಬೋರಿನ ಮೋಟ್ರು ಸುಟ್ಟೋಗೈತೆ. ಟ್ಯಾಂಕರ್‌ನೋನು ಫೋನೇ ಎತ್ತಾಯಿಲ್ಲ. ಮಗ್ಳನ್ನ ನೋಡಕ್ಕೆ ಆನೇಕಲ್ಲಿಂದ ಗಂಡಿನೋರು ಹೊಂಟವ್ರೆ. ಎಲ್ಲೋ ಪೈಪ್ ಒಡ್ದೈತೆ ಅನ್ಸುತ್ತೆ, ನಿಮ್ಮನೇಲೇನಾರಾ ಸೋರ್ತೈತಾ?”

“ಇಲ್ಲ ಮುನಿಯಣ್ಣ, ನಮ್ಮನೇಲಿ ಒಂದು ಹನೀನೂ ಸೋರ್ತಿಲ್ಲ” ಎಂದೆ. ಆ ಮಾತು ಅಕ್ಷರಶಃ ನಿಜವಾಗಿತ್ತು. ಬಾಗಿಲಿನ ಅಗಲಕ್ಕೂ ನಾನೇ ನಿಂತಿದ್ದೆ. ಹಿಂದಿನಿಂದ ವೀಣಾ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, “ಒಳಗೆ ಬನ್ನಿ, ಕಳೆದುಹೋದ ನೀರು ಇಲ್ಲೇ ಇದೆ” ಎಂದಳು.

ಮುನಿಯಣ್ಣ ತುಂಬಿದ ಪೆಟ್ಟಿಗೆಯ ಮುಂದೆ ನಿಂತರು. ಇನ್ನು ಮನೆ ಖಾಲಿ ಮಾಡುವುದೇ ಎಂದು ನಾನು ಮನಸ್ಸಿನಲ್ಲೇ ಪಾತ್ರೆ ಕಟ್ಟತೊಡಗಿದೆ. ಅವರು ಕೈಯದ್ದಿ ನೋಡಿದರು. “ನಮ್ ಕೆರೆ ಮುಚ್ಚಿ ಲೇಔಟ್ ಮಾಡಿದ್ರು. ನೀವು ಲೇಔಟ್ ಒಳ್ಗೇ ಕೆರೆ ಮಾಡಿದೀರಲ್ಲ ಸಾರ್!” ಎಂದವರು ಮೆಟ್ಟಿಲ ಕಡೆ ತಿರುಗಿ ಹೆಂಡತಿಗೆ, “ಲೇ ಲಕ್ಷ್ಮೀ, ಬಿಂದ್ಗೆ ತಗಂಬಾ!” ಎಂದು ಕೂಗಿದರು.

ಆ ಕೂಗು ಇಡೀ ಕಟ್ಟಡಕ್ಕೆ ಕೇಳಿತು. ಬಿಂದಿಗೆ, ಬಕೆಟ್ಟು, ಕುಕ್ಕರು ಸಮೇತ ಎಲ್ಲರೂ ಇಳಿದುಬಂದರು. ಎಪಾಕ್ಸಿ ನೀರು, ಕುಡಿಯಬೇಡಿ, ಸ್ನಾನಕ್ಕೂ ತೊಳೆಯುವುದಕ್ಕೂ ಅಷ್ಟೆ ಎಂದು ನಾನು ಒಬ್ಬೊಬ್ಬರಿಗೂ ಹೇಳುತ್ತಾ ಮೊಗೆದುಕೊಟ್ಟೆ. ಮೂರನೇ ಮಹಡಿಯಲ್ಲಿರುವ ಕೊಪ್ಪಳದ ಶರಣಪ್ಪ ಎರಡನೇ ಬಕೆಟ್ ಒಡ್ಡುತ್ತಾ, “ಭಾಳ ಚಲೋ ಕೆಲಸ ಮಾಡೀರಿ ಸರ. ನಿನ್ನಿ ನೀವು ತುಂಬಿಸಿಡಲಿಲ್ಲಂದ್ರ ಇವತ್ತು ನಮ್ಮ ಗತಿ ಏನ್ರೀ?” ಎಂದ. ನಿನ್ನೆ ನಾನು ತುಂಬಿಸದಿದ್ದರೆ ಆ ನೀರು ಟ್ಯಾಂಕಿನಲ್ಲೇ ಇರುತ್ತಿತ್ತು ಎಂದು ಹೇಳಬೇಕೆನಿಸಿತು. ಬದಲಿಗೆ ಅವನ ಬಕೆಟ್ಟನ್ನು ಅಂಚಿನವರೆಗೂ ತುಂಬಿಸಿದೆ. ಹೊಗಳಿಕೆ ನನಗೆ ಅಪರೂಪ.

ಗಂಡಿನವರು ಬಂದು ನನ್ನ ನೀರಿನಲ್ಲೇ ಕಾಲು ತೊಳೆದರು. ವರನ ತಂದೆ ಮೂಗರಳಿಸಿ, “ಮನೆಗೆ ಹೊಸಾ ಪೇಂಟ್ ಮಾಡ್ಸಿದ್ದೀರಾ?” ಎಂದರಂತೆ. “ನಿಮ್ಗೋಸ್ಕರನೇ” ಎಂದರಂತೆ ಮುನಿಯಣ್ಣ. ಸಂಬಂಧ ಕುದುರಿತು.

ಸಂಜೆ ಮುನಿಯಣ್ಣ ಹೋಳಿಗೆಯ ತಟ್ಟೆ ಹಿಡಿದು ಇಳಿದುಬಂದರು. “ಸಾರ್, ಆ ಪೆಟ್ಗೆ ಯಾವಾಗ್ಲೂ ತುಂಬ್ಸೇ ಮಡ್ಗಿ. ಕಷ್ಟಕ್ಕಾಯ್ತದೆ. ಮೀನ್ ಮಾತ್ರ ಬಿಡ್ಬ್ಯಾಡಿ, ನೀರು ವಾಸ್ನೆ ಬತ್ತದೆ.” ಬಾಯಲ್ಲಿ ಹೋಳಿಗೆ ಇದ್ದುದರಿಂದ ನಾನು ತಲೆಯಾಡಿಸಿದೆ. ವೀಣಾ ಅದನ್ನು ಒಪ್ಪಿಗೆ ಎಂದು ಅವರಿಗೆ ಅನುವಾದಿಸಿದಳು.

ಈಗಲೂ ಬಂಧುಗಳು ಬಂದರೆ ಮೊದಲು ಗಾಜಿನ ಬಳಿ ಬಗ್ಗಿ, “ಮೀನೆಲ್ಲಿ?” ಎನ್ನುತ್ತಾರೆ. ನಾನು ಪಕ್ಕದಲ್ಲಿ ನಿಂತು ಇಡೀ ಕಥೆ ವಿವರಿಸುತ್ತೇನೆ. ಆಗ ಗಾಜಿನಲ್ಲಿ ಕಣ್ಣು ಬಿಟ್ಟುಕೊಂಡು, ಬಾಯಿ ತೆರೆದು ಮುಚ್ಚುತ್ತಾ ಒಂದು ಜೀವಿ ಕಾಣುತ್ತದೆ. ಅಷ್ಟು ದಪ್ಪದ್ದು ಬೇರೆ ಯಾರ ಅಕ್ವೇರಿಯಮ್ಮಿನಲ್ಲೂ ಇಲ್ಲ.