ಕಪ್ಪು ಗಾಜು, ಐದು ಮನೆತನ

ಕೆರೆ ತುಂಬಿದರೆ ಊರಿಗೆಲ್ಲ ಸಂತೋಷ. ಸಿಂಗಾಪುರದ ಕೆರೆ ಕೋಡಿ ಬಿತ್ತೆಂದು ಕೇಳಿದವರೆಲ್ಲ ಕೈಮುಗಿದರು. ತಲೆಯ ಮೇಲೆ ಕೈಹೊತ್ತು ಕುಳಿತವನು ಒಬ್ಬನೇ, ಗಂಗಮ್ಮನ ಗುಡಿಯ ಮಳಿಗೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಮನೋಹರ.

ಕೆರೆ ಕೋಡಿ ಬಿದ್ದ ವರ್ಷ ಊರಿನ ಐದು ಮನೆತನದವರು ಏರಿಯ ಮೇಲೆ ಸಾಲಾಗಿ ನಿಂತು ಗಂಗಮ್ಮನಿಗೆ ಬಾಗಿನ ಬಿಡುವುದು ಹಿರಿಯರಿಂದ ನಡೆದುಬಂದದ್ದು. ನಗರ ಬೆಳೆದು ಗದ್ದೆಗಳೆಲ್ಲ ಫಸ್ಟ್ ಕ್ರಾಸ್, ಸೆಕೆಂಡ್ ಕ್ರಾಸ್ ಆದರೂ ಬಾಗಿನ ನಿಂತಿರಲಿಲ್ಲ. ಆ ಹೊತ್ತಿನ ಫೋಟೋ ಗುಡಿಯ ಗೋಡೆ ಏರುತ್ತದೆ. ಅದರಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದೇ ಆ ಮನೆತನದ ಮರ್ಯಾದೆ. ತಾಯಿ ಗಂಗಮ್ಮ ನೀರು ಕೊಡುವಾಗ ಯಾರ ಮನೆ ಮೊದಲು ಎಂದು ಕೇಳುವವಳಲ್ಲ. ಕೇಳುವವರು ನಾವು.

ಹಿಂದಿನ ಸಲ ಮನೋಹರ ತೆಗೆದ ಫೋಟೋದಲ್ಲಿ ಆಕಾಶ ಸುಣ್ಣ ಬಳಿದಂತೆ ಬೆಳ್ಳಗಾಗಿ ಗೋಪುರದ ಕಳಸವೇ ಮಾಯವಾಗಿತ್ತು. ಮುಖಗಳು ಬಾಣಲೆಯ ತಳದಂತಿದ್ದವು. ಸಾಲದ್ದಕ್ಕೆ ತುದಿಯಲ್ಲಿದ್ದ ಕದಿರಪ್ಪನ ಮನೆಯವರು ಚೌಕಟ್ಟಿನಿಂದಲೇ ಹೊರಗುಳಿದಿದ್ದರು. ಮನೋಹರ ಅವರನ್ನು ಕಂಪ್ಯೂಟರಿನಲ್ಲಿ ತಂದು ಅಂಟಿಸಿದ. ಅಂಟಿಸಿದ್ದು ಇನ್ನೊಂದು ಮನೆತನದ ಯಜಮಾನರಾದ ರಾಮಕೃಷ್ಣಪ್ಪನವರಿಗಿಂತ ಒಂದು ಗೇಣು ಮುಂದೆ ಬಂತು. ಆ ಜಗಳ ಆರುವಷ್ಟರಲ್ಲಿ ಕೆರೆಯೇ ಒಣಗಿತ್ತು.

ಗುಡಿ ಸಮಿತಿಗೆ ಈಗ ಅದೇ ರಾಮಕೃಷ್ಣಪ್ಪನವರು ಅಧ್ಯಕ್ಷರು. ಬಾಗಿನದ ಹಿಂದಿನ ದಿನ ಮಳಿಗೆಯ ಮುಂದೆ ನಿಂತು ಹೇಳಿದರು.

“ನೋಡಪ್ಪ ಮನೋಹರ, ಕೆರೆ ಪೂರ್ತಿ ಬರ್ಬೇಕು. ಗುಡಿ ಬರ್ಬೇಕು. ಮೋಡ ಮೋಡದಂಗೆ ಕಾಣ್ಬೇಕು. ಐದು ಮನೆಯೋರೂ ಇರ್ಬೇಕು. ಕಂಪ್ಯೂಟರ್ ಕೈಚಳಕ ಬೇಡ. ಎಲ್ಲರ ಕಣ್ಣೆದುರಿಗೆ ಒಂದೇ ಒಂದು ಫೋಟೋ. ಇದೂ ಕೆಟ್ರೆ ಮಳಿಗೆ ಖಾಲಿ ಮಾಡು. ಜ್ಯೂಸ್ ಅಂಗಡಿಯೋನು ಕೇಳ್ತಾವ್ನೆ.”

ಇಡೀ ಕೆರೆಯನ್ನು ಒಂದೇ ಗುಟುಕಿಗೆ ನುಂಗುವ ವೈಡ್ ಲೆನ್ಸ್ ಒಂದನ್ನು ಮನೋಹರ ಹೇಗೋ ಹೊಂದಿಸಿಕೊಂಡಿದ್ದ. ಆದರೆ ಅಗಲವಾಗಿ ನೋಡುವ ಕಣ್ಣಿಗೆ ಆಕಾಶವೂ ಅಗಲವಾಗಿಯೇ ಬೀಳುತ್ತದೆ. ಅದರ ಬೆಳಕನ್ನು ಹದಕ್ಕೆ ತರಲು ಲೆನ್ಸಿನ ಮುಂದೆ ಫಿಲ್ಟರ್ ಗಾಜು ಬೇಕು. ಬಾಗಿನದ ದಿನ ಬೆಳಿಗ್ಗೆ ಎದ್ದವನೇ ಆರ್.ಟಿ. ನಗರಕ್ಕೆ, ಹಳೆಯ ಕ್ಯಾಮೆರಾ ಸಾಮಾನು ಮಾರುವ ಉಜೈರನ ಅಂಗಡಿಗೆ ಓಡಿದ.

ಉಜೈರ್ ಲೆನ್ಸನ್ನು ತಿರುಗಿಸಿ ನೋಡಿದ. ಅದರ ಮುಂದಿನ ಗಾಜು ಸಿಟ್ಟಿಗೆದ್ದ ದೇವಿಯ ಕಣ್ಣಿನಂತೆ ಉಬ್ಬಿಕೊಂಡಿತ್ತು.

“ಇದಕ್ಕೆ ತಿರುಪು ಹಾಕೋ ದುಂಡು ಫಿಲ್ಟರ್ ಕೇಳ್ತೀಯಲ್ಲ ಗುರು! ಹಲಸಿನಹಣ್ಣಿಗೆ ಟೋಪಿ ಹೊಲಿಸ್ದಂಗೆ ಆಯ್ತು. ಇದಕ್ಕೆ ಚೌಕದ ಗಾಜೇ ಆಗ್ಬೇಕು. ಗಾಜು ಹಿಡ್ಕೊಳ್ಳೋಕೆ ಹೋಲ್ಡರ್ ಬೇಕು.”

ಮೊದಲು ಒಂದು ಚಿಕ್ಕ ಹೋಲ್ಡರ್ ತಂದು ಸಿಕ್ಕಿಸಿದ. ಮನೋಹರ ಕ್ಯಾಮೆರಾದಲ್ಲಿ ಇಣುಕಿದರೆ ಚಿತ್ರದ ನಾಲ್ಕು ಮೂಲೆಯಲ್ಲೂ ಕತ್ತಲೆ. ಹೋಲ್ಡರಿನ ಅಂಚೇ ಒಳಗೆ ಬಂದು ಕುಳಿತಿತ್ತು.

“ಅಯ್ಯೋ ಬೇಡ ಕಣೋ, ಮೂಲೇಲಿ ಕದಿರಪ್ಪ ನಿಲ್ತಾನೆ!”

“ಹಂಗಾದ್ರೆ ದೊಡ್ಡದೇ ಗತಿ,” ಎಂದು ಉಜೈರ್ ಅಟ್ಟದಿಂದ ಇನ್ನೊಂದನ್ನು ಇಳಿಸಿದ. ಅದು ಒಬ್ಬಟ್ಟಿನ ಹಂಚಿನಷ್ಟು ಅಗಲವಿತ್ತು. ಒಂದು ತಿರುಪು ಇರಲಿಲ್ಲ. ಜೊತೆಗೆ ಎರಡು ಗಾಜು. ಒಂದರ ಮೇಲರ್ಧ ಕಪ್ಪು, ಕೆಳಗರ್ಧ ತಿಳಿ. “ಆಕಾಶಕ್ಕೆ ಕೂಲಿಂಗ್ ಗ್ಲಾಸ್, ಭೂಮಿಗೆ ಬರಿಗಣ್ಣು. ನಿನ್ ಕೆಲ್ಸ ಇದ್ರಲ್ಲೇ ಮುಗೀತು.” ಇನ್ನೊಂದು ಅಂಚಿನಿಂದ ಅಂಚಿಗೆ ಕಪ್ಪು.

“ಇದೇನು, ಒಲೆ ಮೇಲಿಟ್ಟಿದ್ರಾ?”

“ಅದರ ಗೊಡವೆ ನಿಂಗೆ ಬೇಡ ಮಗಾ. ಸೆಟ್ಟು, ಒಡೆದು ಕೊಡಕ್ಕಾಗಲ್ಲ. ಇಟ್ಕೋ.”

ಮನೋಹರ ಗಾಜುಗಳನ್ನು ಎದೆಗೊತ್ತಿಕೊಂಡು, ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ, ಹಸುಗೂಸು ತಂದಂತೆ ಮನೆಗೆ ತಂದ. ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದ. ಅಲ್ಲಿಯೇ ತಪ್ಪಿದ್ದು.

ಅವನ ತಾಯಿ ಗೋಪಾಲಮ್ಮ ದೈವಭಕ್ತೆ. ಹೊಸ ಪೊರಕೆ ತಂದರೂ ಅದಕ್ಕೊಂದು ಕುಂಕುಮವಿಡದೆ ಕಸ ಗುಡಿಸಿದವರಲ್ಲ. ಮಗ ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಅರ್ಧ ಕಪ್ಪಿನ ಗಾಜು ದೇವರ ಮುಂದೆ ಹಿತ್ತಾಳೆ ತಟ್ಟೆಯಲ್ಲಿ ಮಲಗಿತ್ತು. ನಾಲ್ಕು ಮೂಲೆಗೆ ಅರಿಶಿನ, ನಡುವೆ ಒಂದು ವೀಳ್ಯದೆಲೆ, ಎಲೆಯ ಮೇಲೆ ನೆಲ್ಲಿಕಾಯಿ ಗಾತ್ರದ ಕರ್ಪೂರ ಧಗಧಗ ಉರಿಯುತ್ತಿತ್ತು.

“ಅವ್ವಾ! ಅದು ಗಾಜು!”

“ಕಾಣಿಸ್ತೈತೆ ಕಣೋ, ಕಣ್ಣು ಓಗಿಲ್ಲ ನಂಗೆ. ಒಸ ಸಾಮಾನು ದೇವ್ರಿಗೆ ತೋರಿಸ್ದೆ ಯಾರಾದ್ರೂ ಬಳಸ್ತಾರಾ?”

ಟಪ್ ಎಂದಿತು. ಗಾಜು ಹಪ್ಪಳದಂತೆ ಚೂರಾಯಿತು. ಮನೋಹರ ಓಡಿ ಉಳಿದ ಕಪ್ಪು ಗಾಜನ್ನು ಬಾಚಿಕೊಂಡ. ಗೋಪಾಲಮ್ಮ ಮಾತ್ರ ಕೆನ್ನೆ ಬಡಿದುಕೊಂಡು ಕಣ್ಣು ಮುಚ್ಚಿದರು. “ನೋಡ್ದಾ? ಎಂಥಾ ದೃಷ್ಟಿ ತಾಕಿತ್ತೋ ನಿಂಗೆ, ಗಾಜೇ ತಡ್ಕೊಳ್ಳಲಿಲ್ಲ. ತಾಯಿ ಕಳೆದ್ಲು ಬಿಡು.”

ಉಜೈರನಿಗೆ ಫೋನು ಹೋಯಿತು. ಅಂಥ ಗಾಜು ಇನ್ನೊಂದಿಲ್ಲ ಎಂದವನು ಆಮೇಲೆ, “ಕಪ್ಪು ಗಾಜು ಉಳ್ಕೊಂಡಿದ್ಯಾ?” ಎಂದ.

“ಅದಕ್ಕೆ ಆರತಿ ಎತ್ತೋ ಮುಂಚೆ ಕಿತ್ಕೊಂಡೆ.”

“ಹಂಗಾದ್ರೆ ಕೇಳು. ಅದನ್ನ ಹಾಕಿದ್ರೆ ಬೆಳಕು ತೊಟ್ಟಿಕ್ಕಿದಂಗೆ ಒಳಗೆ ಬರುತ್ತೆ. ಸಂಜೆ ಹೊತ್ತು ಎರಡು ನಿಮಿಷ ಶಟರ್ ತೆಗೆದೇ ಇಡ್ಬೇಕು. ಅದ್ರಲ್ಲಿ ಒಂದು ನಿಮಿಷ ಒಂದು ಕಪ್ಪು ರಟ್ಟು ಹಿಡ್ಕೊಂಡು ಲೆನ್ಸಿನ ಮೇಲರ್ಧ ಮುಚ್ಚಿ ಅಲ್ಲಾಡಿಸ್ತಾ ಇರು. ಆಕಾಶದ ಬೆಳಕು ಕಮ್ಮಿ ಬೀಳುತ್ತೆ, ಮೋಡ ಉಳಿಯುತ್ತೆ. ನೀರಂತೂ ಹಾಲಿನ ಕೆನೆ. ಒಂದೇ ತೊಂದ್ರೆ ಅಂದ್ರೆ ನಿಂತಿದ್ದು ಉಳಿಯುತ್ತೆ, ಅಲ್ಲಾಡಿದ್ದು ಅಳಿಸಿ ಹೋಗುತ್ತೆ. ಎರಡು ನಿಮಿಷ ಜನ ಅಲ್ಲಾಡ್ದೆ ನಿಲ್ತಾರಾ?”

“ದೇವರ ಮುಂದೆ ನಿಂತೋರು ಯಾಕೆ ಅಲ್ಲಾಡ್ತಾರೆ?” ಎಂದ ಮನೋಹರ. ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಾದರೂ ಹಾಗೆಂದ. ಕಷ್ಟ ಬಂದಾಗ ಮನುಷ್ಯನಿಗೆ ಮನುಷ್ಯರ ಮೇಲೆ ನಂಬಿಕೆ ಹೆಚ್ಚುತ್ತದೆ.

ಸಂಜೆ ಏರಿಯ ಮೇಲೆ ಐದು ಮನೆಯ ನಲವತ್ತು ಜನ ಸೇರಿದರು. ಹೆಂಗಸರ ಕೈಯಲ್ಲಿ ಮೊರದ ಬಾಗಿನ, ಗಂಡಸರ ಹೆಗಲ ಮೇಲೆ ಇಸ್ತ್ರಿ ಶಲ್ಯ. ಪಡುವಣದಲ್ಲಿ ಮೋಡಗಳು ಕೇಸರಿಬಾತಿನ ಬಣ್ಣಕ್ಕೆ ತಿರುಗುತ್ತಿದ್ದವು. ಕೆರೆ ತುಂಬಿದ ಬಸುರಿಯಂತೆ ಮೆಲ್ಲಗೆ ಉಸಿರಾಡುತ್ತಿತ್ತು. ಒಂದು ಗಳಿಗೆ ಮನೋಹರನಿಗೂ ಎಲ್ಲ ಸರಿಹೋದೀತು ಅನ್ನಿಸಿತು.

ಟ್ರೈಪಾಡ್ ನೆಟ್ಟು, ಚೌಕಟ್ಟು ಹೊಂದಿಸಿ, ಹೋಲ್ಡರ್ ಕೂರಿಸಿ, ಕಪ್ಪು ಗಾಜು ಇಳಿಸಿದ. ತಿರುಪಿಲ್ಲದ ಹೋಲ್ಡರ್ ಮುದುಕಿಯ ಹಲ್ಲಿನಂತೆ ಅಲುಗಿತು. ಪಕ್ಕದಲ್ಲಿ ಶಾಮಿಯಾನ ಕಟ್ಟುತ್ತಿದ್ದ ಪಂಚಪ್ಪ ಅದನ್ನು ನೋಡಿದ. ಪರೋಪಕಾರಿ. ಮನೋಹರ ರಟ್ಟು ಹುಡುಕಿ ತಿರುಗುವಷ್ಟರಲ್ಲಿ ಹೋಲ್ಡರ್, ಗಾಜು, ಲೆನ್ಸ್ ಮೂರನ್ನೂ ಸೇರಿಸಿ ಅಂಟುಪಟ್ಟಿಯಿಂದ ಏಳು ಸುತ್ತು ಸುತ್ತಿಬಿಟ್ಟಿದ್ದ.

“ಏನ್ ಮಾಡ್ದೆ ಪಂಚಪ್ಪಣ್ಣ!”

“ಟೈಟಾಗೈತೆ ನೋಡು ಈಗ. ಭೂಕಂಪ ಆದ್ರೂ ಗಾಜು ಈಚೆ ಬರಲ್ಲ.”

ಇನ್ನು ಬೇಕೆಂದರೂ ಗಾಜಿಲ್ಲದೆ ಒಂದು ಫೋಟೋ ತೆಗೆಯುವಂತಿರಲಿಲ್ಲ. ಮನೋಹರ ಗುಡಿಯ ಕಡೆಗೊಮ್ಮೆ ಕೈಮುಗಿದು ಜನರತ್ತ ತಿರುಗಿದ.

“ಎಲ್ಲರೂ ಕೇಳಿ! ಇದು ಎರಡು ನಿಮಿಷದ ಫೋಟೋ. ನಾನು ಸಾಕು ಅನ್ನೋವರೆಗೂ ನಿಂತಲ್ಲೇ ಕಲ್ಲಾಗಿ ನಿಲ್ಬೇಕು. ಅಲ್ಲಾಡಿದ್ರೆ ಹಾಳಾಗುತ್ತೆ!”

“ಎರಡು ನಿಮಿಷಾನಾ?” ಎಂದು ಕದಿರಪ್ಪ ಹುಬ್ಬೇರಿಸಿದ. ಅವನ ಕಣ್ಣಿನಲ್ಲಿ ಏನೋ ಮಿಂಚಿತು. ಮನೋಹರ ಅದನ್ನು ಭಕ್ತಿಯೆಂದುಕೊಂಡ.

ಶಟರ್ ತೆರೆಯಿತು.

ಕ್ಷಣದಲ್ಲಿ ಮುಗಿಯುವ ಫೋಟೋ ಆಗಿದ್ದರೆ ಯಾರು ಎಲ್ಲಿದ್ದರೋ ಅಲ್ಲೇ ಇರುತ್ತಿದ್ದರು. ಎರಡು ನಿಮಿಷ ಎಂದರೆ ಜಾಗ ಬದಲಿಸಲು ಎರಡು ನಿಮಿಷ. ಕದಿರಪ್ಪ ಮೊದಲು ಎಡಗಾಲು ಮುಂದಿಟ್ಟ. ಹತ್ತು ಎಣಿಸುವುದರೊಳಗೆ ಬಲಗಾಲೂ ಬಂತು. ರಾಮಕೃಷ್ಣಪ್ಪನವರು ಮುಖ ಅಲುಗಿಸದೆ, ಬರೀ ಪಾದದಲ್ಲಿ ಸರಿಯುತ್ತ ಒಂದು ಮಾರು ಮುಂದೆ ಬಂದರು. ಅವರನ್ನು ನೋಡಿ ಮೂರನೆಯ ಮನೆಯವರು ಸರಿದರು, ಅವರನ್ನು ನೋಡಿ ನಾಲ್ಕನೆಯವರು. ಬಾಗಿನ ಹಿಡಿದ ಹೆಂಗಸರು ಮೊಳಕೈಯಲ್ಲಿ ದಾರಿ ಮಾಡಿಕೊಂಡರು. ಹಿಂದಿದ್ದವರು ಮುಂದಕ್ಕೆ, ಮುಂದಿದ್ದವರು ನಡುವಿಗೆ, ನಡುವಿನವರು ನೂಕಿಸಿಕೊಂಡು ತುದಿಗೆ. ನಲವತ್ತು ಜನ ಒಂದು ಸದ್ದಿಲ್ಲದೆ ರಾಗಿ ಕಲ್ಲಿನಂತೆ ತಿರುಗತೊಡಗಿದರು.

“ಅಲ್ಲಾಡ್ಬೇಡಿ! ಯಜಮಾನ್ರೇ, ದಮ್ಮಯ್ಯ!” ಎಂದು ಮನೋಹರ ಕೂಗುತ್ತಿದ್ದ. ಕೈ ಮಾತ್ರ ಲೆನ್ಸಿನ ಮುಂದೆ ರಟ್ಟು ಬೀಸುತ್ತಲೇ ಇತ್ತು.

“ಯಾಕಲಾ ಮನೋಹರ, ಕ್ಯಾಮೆರಾಗೆ ಸೆಕೆನಾ?” ಎಂದು ಸಾಲಿನಿಂದ ಒಬ್ಬರು ಕೂಗಿದರು.

“ಜೋಳ ಸುಡ್ತಾವ್ನೆ, ಉಪ್ಪು ಖಾರ ತರಿಸ್ರೋ!” ಎಂದರು ಇನ್ನೊಬ್ಬರು.

ಅಷ್ಟರಲ್ಲಿ ಗುಡಿಯಲ್ಲಿ ಮಹಾಮಂಗಳಾರತಿಯ ಗಂಟೆ ಮೊಳಗಿತು. ಉಳಿದ ಸಾಲೂ ಒಡೆದು, ಮೊದಲ ಆರತಿ ತಮಗೇ ಎಂದು ಎಲ್ಲರೂ ಆ ಕಡೆ ನುಗ್ಗಿದರು. ಶಟರ್ ಮುಚ್ಚಿದಾಗ ಏರಿಯ ಮೇಲೆ ಒಂದು ಕಾಲಿನ ಚಪ್ಪಲಿ ಮಾತ್ರ ಇತ್ತು.

ಮನೋಹರ ಪರದೆಯಲ್ಲಿ ಚಿತ್ರ ನೋಡಿದ. ಜೀವಮಾನದಲ್ಲಿ ಅಂಥದ್ದನ್ನು ಅವನು ತೆಗೆದಿರಲಿಲ್ಲ. ಗಾಳಿಯಿಲ್ಲದ ಸಂಜೆ, ಮೋಡದ ಒಂದೊಂದು ಎಳೆಯೂ ಉಳಿದಿತ್ತು. ಗೋಪುರದ ಕಳಸ ಹೊಳೆಯುತ್ತಿತ್ತು. ನೀರು ಕಾಸಿದ ಹಾಲಿನಂತೆ ನಿಶ್ಚಲವಾಗಿತ್ತು. ಏರಿಯ ಮೇಲೆ ನರಪಿಳ್ಳೆಯೂ ಇರಲಿಲ್ಲ. ಮಣ್ಣಿನ ಮೇಲೆ ಒಂದಿಷ್ಟು ಮಂಜು ಕವಿದಂತಿತ್ತು, ಅಷ್ಟೇ.

ಅವನಿಗೆ ಅಳುವೂ ಬರಲಿಲ್ಲ. ಜ್ಯೂಸ್ ಅಂಗಡಿಯವನು ಮಿಕ್ಸಿ ಎಲ್ಲಿಡುತ್ತಾನೆ ಎಂದು ಮಾತ್ರ ಯೋಚಿಸಿದ. ಓಡಿಹೋಗೋಣವೆಂದರೆ ಟ್ರೈಪಾಡಿನ ಕಾಲು ಕೆಸರಿನಲ್ಲಿ ಹೂತಿತ್ತು. ಐದು ಮನೆಯವರೂ ಆರತಿ ಪಡೆದು, ಬಾಗಿನ ಬಿಟ್ಟು, ಪ್ರಸಾದ ಮೆಲ್ಲುತ್ತ ಬಂದು ಸುತ್ತುವರಿದರು.

ರಾಮಕೃಷ್ಣಪ್ಪನವರು ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. ಬಹಳ ಹೊತ್ತು ನೋಡಿದರು.

“ನಾನೆಲ್ಲಿ?”

“ಇಲ್ಲ, ಯಜಮಾನ್ರೇ.”

“ಕದಿರಪ್ಪ?”

“ಅವರೂ ಇಲ್ಲ.”

“ಸರಿಯಾಗಿ ನೋಡಯ್ಯ. ಅವನ ತಮ್ಮ? ಅಳಿಯ?”

“ಯಾರೂ ಬಂದಿಲ್ಲ, ಯಜಮಾನ್ರೇ.”

ರಾಮಕೃಷ್ಣಪ್ಪನವರ ಮುಖದಲ್ಲಿ ನಿಧಾನವಾಗಿ ಒಂದು ನಗೆ ಅರಳಿತು. ಅವರನ್ನು ಸರಿಸಿ ಕದಿರಪ್ಪ ಬಗ್ಗಿದ. ಅವನೂ ತನ್ನನ್ನು ಹುಡುಕುವ ಮೊದಲು ರಾಮಕೃಷ್ಣಪ್ಪನವರನ್ನು ಹುಡುಕಿದ. ಇಲ್ಲವೆಂದು ಖಾತ್ರಿಯಾದ ಮೇಲೆ ಮೀಸೆ ಸವರಿಕೊಂಡ. “ನಾನಿಲ್ದಿದ್ರೂ ಚಿಂತಿಲ್ಲ. ಚೆನ್ನಾಗೇ ಐತೆ ಫೋಟೋ. ಇಂಗೇ ಇರ್ಬೇಕು.” ಮೂರನೆಯ, ನಾಲ್ಕನೆಯ, ಐದನೆಯ ಮನೆಯವರೂ ಒಬ್ಬೊಬ್ಬರಾಗಿ ನೋಡಿ, ಮತ್ತೊಬ್ಬರಿಲ್ಲದ್ದನ್ನು ಕಂಡು ಕಣ್ತುಂಬಿಕೊಂಡರು. ಅಷ್ಟು ವರ್ಷಗಳಲ್ಲಿ ಐದು ಮನೆತನ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

“ಗೋಡೆಗೆ ಹಾಕ್ಸೋಣ!” ಎಂದರು ರಾಮಕೃಷ್ಣಪ್ಪ.

ಮನೋಹರ ಗುಡಿಯತ್ತ ತಿರುಗಿದ. ಗಂಗಮ್ಮಾ ತಾಯಿ, ಮಳಿಗೆ ಉಳಿಸಿದೆಯಲ್ಲ ಎಂದು ಕಣ್ಣೊರೆಸಿಕೊಂಡ. “ಹಂಗಾದ್ರೆ ನಾಳೇನೇ ಫ್ರೇಮಿಗೆ ಕೊಡ್ತೀನಿ, ಯಜಮಾನ್ರೇ.”

“ಕೊಡು, ಕೊಡು. ಬಾಗಿನ ಬಿಟ್ಟೋರು ಯಾರು ಅಂತ ಮುಂದಿನೋರಿಗೆ ಗೊತ್ತಾಗ್ಬೇಕಲ್ಲ, ಅದಕ್ಕೆ ಕೆಳಗೆ ಹೆಸರು ಬರೆಸು. ‘ನಿಂತಿರುವವರು, ಎಡದಿಂದ ಬಲಕ್ಕೆ’ ಅಂತ. ನಲವತ್ತು ಹೆಸರೂ ಬರ್ಬೇಕು.”

“ಎಡದಿಂದ ಮೊದಲ್ನೇದು ನಂದು,” ಎಂದ ಕದಿರಪ್ಪ ತಕ್ಷಣ. “ಅಲ್ಲಿ ನೋಡು, ಬೇವಿನ ಮರದ ತಾವ ಮಂಜು ಕಾಣಿಸ್ತೈತಲ್ಲ, ಅದೇ ನಾನು.”

“ಅದು ನೀನಾ? ಅದು ನನ್ನ ಶಲ್ಯ ಕಣೋ!” ಎಂದರು ರಾಮಕೃಷ್ಣಪ್ಪನವರು ಹೊಟ್ಟೆ ಮುಂದೆ ಮಾಡಿ.

“ಶಲ್ಯ ಅಂತೆ! ಆ ಮಂಜಿಗೆ ಹೊಟ್ಟೆ ಇಲ್ವಲ್ಲ, ನಿಮ್ದೆಂಗಾಯ್ತದೆ?”

ನಲವತ್ತು ಬೆರಳು ಪರದೆಯ ಮೇಲೆ ಬಿದ್ದವು. ಮೂರನೆಯ ಮನೆಯವರು ಆ ಮಂಜು ತಮ್ಮ ಅಜ್ಜಿಯದೆಂದು ಆಣೆ ಇಟ್ಟರು. ಗದ್ದಲದ ನಡುವೆ ರಾಮಕೃಷ್ಣಪ್ಪನವರು ಕೈಯೆತ್ತಿ ತೀರ್ಪು ಕೊಟ್ಟರು.

“ಫೋಟೋ ತೆಗೆದೋನು ಅವನು. ಯಾರು ಎಲ್ಲಿ ನಿಂತಿದ್ರು ಅಂತ ಅವನೇ ಹೇಳ್ಲಿ. ಐದು ಮನೆಯೋರಿಗೂ ಒಪ್ಪಿಗೆ ಆಗೋ ಹಂಗೆ ಹೆಸರು ಬರ್ದು ತಂದ್ರೆ ಮಳಿಗೆ ಅವಂದೇ. ಶುಕ್ರವಾರದವರೆಗೂ ಟೈಮ್. ಇಲ್ದಿದ್ರೆ ಜ್ಯೂಸ್ ಅಂಗಡಿ.”

ಜನ ಜಗಳವಾಡುತ್ತಲೇ ಮನೆಗಳಿಗೆ ಹೊರಟರು. ಮನೋಹರ ಕೆರೆಯ ಏರಿಯ ಮೇಲೆ ಕುಳಿತು, ಒಂದು ಹಾಳೆಯ ಮೇಲೆ ‘ನಿಂತಿರುವವರು’ ಎಂದು ಬರೆದ. ಆಮೇಲೆ ಆ ಖಾಲಿ ಚಿತ್ರವನ್ನು ಮುಖದ ಹತ್ತಿರ ಹಿಡಿದುಕೊಂಡು, ಎಡಗಡೆಯ ಮೊದಲ ಮಂಜು ಯಾರೆಂದು ನೋಡತೊಡಗಿದ.