ಗುಡ್ಡದ ಮೇಲೆ ಕ್ಯಾಂಪ್ ಐತೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ತಾಲ್ಲೂಕಿಗೂ ಸೇರಿ ಒಂದೇ ಟೆಂಟ್ ಏಜೆನ್ಸಿ. ಪಣಕ್ಕಿದ್ದದ್ದು ಅದು. ಅಂಗಡಿ ಇಟ್ಟವನಿಗೆ ಎಡವಟ್ಟು ಅನ್ನೋದು ಬೋಣಿ ಇದ್ದ ಹಾಗೆ, ದಿನಕ್ಕೆ ಒಂದಾದರೂ ಆಗಲೇಬೇಕು. ಆದರೆ ಈ ಏಜೆನ್ಸಿಯ ಹಿಂದೆ ಬಿದ್ದಾಗ ಆದಷ್ಟು ನನಗೆ ಬೇರೆ ಯಾವ ಸರಕಿನಲ್ಲೂ ಆಗಿಲ್ಲ.

ನನ್ನದು ಚನ್ನಗಿರಿಯಲ್ಲಿ ತಾಡಪಾಲು, ಹಗ್ಗ, ಗೋಣಿಚೀಲದ ಅಂಗಡಿ. ತಾಡಪಾಲು ಕಳಿಸುವ ಕಂಪನಿಯವರೇ ಹೊಸದಾಗಿ ಟೆಂಟ್ ಮಾಡಲು ಶುರು ಮಾಡಿದ್ದರು. ಬೆಂಗಳೂರಿನ ಮ್ಯಾನೇಜರು ಫೋನಿನಲ್ಲಿ ಷರತ್ತು ಹೇಳಿದರು: "ಗುಡ್ಡ ಇರಬೇಕು, ಕಾಡು ಇರಬೇಕು, ನೀರು ಹತ್ತಿರ ಇರಬೇಕು. ಅಂಥಾ ಜಾಗ ನೀವೇ ಆರಿಸಿ. ನಾನು ಬಂದು ಒಂದು ರಾತ್ರಿ ಕ್ಯಾಂಪ್ ಮಾಡ್ತೀನಿ. ನಿಮ್ಮ ಕಡೆ ಕ್ಯಾಂಪಿಂಗ್‌ಗೆ ಜನ ಇದ್ದಾರೆ ಅಂತ ನನಗೆ ಅನ್ನಿಸಿದರೆ ಏಜೆನ್ಸಿ ನಿಮಗೆ. ಇಲ್ಲ ಅಂದ್ರೆ ಶಿವಮೊಗ್ಗದವರು ಕಾಯ್ತಾ ಇದ್ದಾರೆ."

ಶಿವಮೊಗ್ಗದವರು ಎಂದ ಕೂಡಲೇ ನಾನು ಒಪ್ಪಿಕೊಂಡೆ. ಹೊನ್ನಾಳಿಯ ನನ್ನ ಬಾಮೈದನ ಹತ್ತಿರ ವ್ಯಾನು ಇತ್ತು. ಇಬ್ಬರೂ ಜಾಗ ಹುಡುಕಲು ಹೊರಟೆವು.

ಲೇಟಾಗಿ ಬಂದವರು

ಮೊದಲನೇ ದಿನ ದಾರಿಯಲ್ಲಿ ಬೈಕಿನವನೊಬ್ಬನನ್ನು ಬಾಮೈದ ನಿಲ್ಲಿಸಿ ಕೇಳಿದ: "ಅಣ್ಣಾ, ಈ ಕಡೆ ಒಳ್ಳೇ ಕ್ಯಾಂಪು ಎಲ್ಲೈತೆ?"

"ನಾಲೆ ಏರಿ ಹಿಡ್ಕೊಂಡು ಸೀದಾ ಹೋಗ್ರಿ" ಎಂದ.

ಹೋದೆವು. ಗುಡ್ಡ ಹಿಂದೆ ಹಿಂದೆ ಸರಿಯುತ್ತಾ ಕೊನೆಗೆ ಕಾಣಿಸದೇ ಹೋಯಿತು. ಎಲ್ಲಿ ನೋಡಿದರೂ ಭತ್ತದ ಗದ್ದೆ. ಆಮೇಲೆ ಹೊಳೆಯಿತು. ನಮ್ಮ ಕಡೆ ನಾಲೆ ನೀರು ಬಂದಾಗ ಆಂಧ್ರದಿಂದ ಬಂದು ಭತ್ತ ಹಾಕಿದವರ ಊರುಗಳಿಗೆಲ್ಲ ಕ್ಯಾಂಪು ಅಂತಲೇ ಹೆಸರು! ಮನೆ ಮುಂದೆ ಕೂತಿದ್ದ ಯಜಮಾನರೊಬ್ಬರು ಕರೆದು ಕೂರಿಸಿ, ಉಪ್ಪಿನಕಾಯಿ ಕಲಸಿದ ಬಿಸಿ ಅನ್ನ ಹಾಕಿಸಿದರು. ಕಣ್ಣಲ್ಲಿ ನೀರು ಸುರಿಸುತ್ತಲೇ ನಾವು ಬಂದ ಕೆಲಸ ಹೇಳಿದೆವು. ಯಜಮಾನರು ಪಾಪ ಎನ್ನುವ ಹಾಗೆ ನೋಡಿದರು.

"ಟೆಂಟು ನಮ್ಮ ತಾತ ಬಂದಾಗ ಬೇಕಾಗಿತ್ತು ಸಾವ್ಕಾರ್ರೇ. ನೀವು ಎರಡು ತಲೆಮಾರು ಲೇಟಾಗಿ ಬಂದ್ರಿ."

ಮರ ಯಾಕಿಲ್ಲ

ಎರಡನೇ ಸಲ ನ್ಯಾಮತಿ ಕಡೆಯ ಗುಡ್ಡ ಹತ್ತಿದೆವು. ಅರ್ಧ ಏರಿದ ಮೇಲೆ ಒಂದು ಜಾಗ ಸಿಕ್ಕಿತು ನೋಡಿ, ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತೆವು. ಅಂಗೈ ಹಾಗೆ ಸಮತಟ್ಟಾದ ಹಾಸುಬಂಡೆ. ಒಂದು ಮುಳ್ಳಿಲ್ಲ, ಒಂದು ಗಿಡ ಇಲ್ಲ. ಬೆಳಗಿನಿಂದ ಸಂಜೆವರೆಗೂ ರಣ ಬಿಸಿಲು.

"ಭಾವ, ಏನ್ ಜಾಗ ಭಾವ ಇದು!" ಬಾಮೈದ ಬಂಡೆಯನ್ನು ಕಾಲಲ್ಲಿ ಸವರಿದ. "ಎರಡು ಬಿಸಿಲಿಗೆ ಕಟಕಟಾ ಅಂತೈತೆ."

ನನಗೂ ಹಾಗೇ ಅನ್ನಿಸಿತು. ತಾಡಪಾಲು ಮಾರಿ ಮಾರಿ ಕಣ್ಣು ಹಾಗೇ ಪಳಗಿಬಿಟ್ಟಿದೆ. ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿದೆ. ಕೂಡಲೇ ಫೋನು ಬಂತು.

"ಸರ್, ಇಲ್ಲಿ ಒಂದೂ ಮರ ಇಲ್ಲವಲ್ಲ?"

"ಮರ ಇದ್ರೆ ನೆರಳು ಬೀಳುತ್ತಲ್ಲ ಸರ್!"

"ಬೀಳಲಿ. ಅದರಿಂದ ಏನಾಗುತ್ತೆ?"

"ಮೆಕ್ಕೆಜೋಳ ಒಣಗಲ್ಲ" ಅಂದುಬಿಟ್ಟೆ.

ಮ್ಯಾನೇಜರು ಮೆಲ್ಲಗೆ ಕೇಳಿದರು: "ಸರ್, ಅಲ್ಲಿ ಒಣಗಬೇಕಾಗಿರೋದು ನಾನಾ?"

ಸಾಹೇಬರು ಎಲ್ಲಿ

ಉಬ್ರಾಣಿ ಕಡೆಯ ಕಾಡಿನಲ್ಲಿ ಟೆಂಟ್ ಹಾಕಲು ಅಪ್ಪಣೆ ಕೇಳೋಣ ಎಂದು ಒಂದು ಕಚೇರಿಗೆ ಹೋದೆವು. ಬಾಗಿಲಲ್ಲಿದ್ದ ಜವಾನರು, "ಸಾಹೇಬ್ರು ಕ್ಯಾಂಪ್ ಹೋಗಿದಾರೆ" ಎಂದರು.

ಸಾಹೇಬರು ಊರಲ್ಲಿಲ್ಲ, ಕೆಲಸದ ಮೇಲೆ ಹೋಗಿದ್ದಾರೆ ಎಂದು ಅದರ ಅರ್ಥ. ಸರ್ಕಾರಿ ಕಚೇರಿಗೆ ಅಲೆದವರಿಗೆಲ್ಲ ಗೊತ್ತು. ಬಾಮೈದ ಅಲೆದವನಲ್ಲ. ಅವನ ಮುಖ ಅರಳಿತು.

"ಹೌದೇನ್ರೀ! ಎಲ್ಲಿಗೆ?"

"ದಾವಣಗೆರೆಗೆ. ಜಿಲ್ಲಾ ಕಚೇರಿಗೆ."

"ಅಲ್ಲಿ ಟೆಂಟ್ ಹಾಕಾಕೆ ಬಿಡ್ತಾರೇನ್ರಿ?"

ಜವಾನರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಧರಣಿ ಕೂರೋರಿಗೆ ಬಿಡ್ತಾರೆ" ಎಂದರು.

ಕುರಿಗೂ ನಮಗೂ ವ್ಯತ್ಯಾಸ

ಕಾಡಿನೊಳಗೆ ಬೇಡ, ಅಂಚಿನಲ್ಲೇ ನೋಡೋಣ ಎಂದುಕೊಂಡೆವು. ಗುಡ್ಡದ ತಲೆಯ ಮೇಲೆ ಒಂದು ಹೊಲ ಸಿಕ್ಕಿತು. ಹಿಂದೆ ಕಾಡು, ಪಕ್ಕದಲ್ಲಿ ಸಣ್ಣ ಹಳ್ಳ, ಮೂರು ದೊಡ್ಡ ಮರ. ನೆರಳೂ ಇತ್ತು, ಈ ಸಲ ಅದನ್ನು ಬೇಕೆಂದೇ ನೋಡಿದೆ. ಹೊಲದ ಯಜಮಾನ ಗೌಡರು ಒಂದು ರಾತ್ರಿಗೆ ಬಾಡಿಗೆ ಕೇಳಿದರು. ವ್ಯಾಪಾರಸ್ಥನಾದವನು ಮೊದಲು ಕೇಳಿದ ರೇಟಿಗೆ ತಲೆ ಆಡಿಸಿದರೆ ಆ ರಾತ್ರಿ ಊಟ ಸೇರೋದಿಲ್ಲ.

"ಅಲ್ಲಾ ಗೌಡ್ರೇ, ಕುರಿಯವರು ಬಂದು ಹೊಲದಾಗೆ ಮಂದೆ ಮಲಗಿಸಿದ್ರೆ ನೀವೇ ಅವರಿಗೆ ದುಡ್ಡು, ಜೋಳ ಎಲ್ಲಾ ಕೊಡ್ತೀರಿ. ಮನುಷ್ಯರು ಮಲಗ್ತೀವಿ ಅಂದ್ರೆ ನಮ್ಮ ಹತ್ರಾನೇ ಕೇಳ್ತೀರಲ್ಲ, ಇದು ಯಾವ ನ್ಯಾಯ?"

ಗೌಡರು ಬೀಡಿ ಕೆಳಗಿಟ್ಟು ಯೋಚನೆ ಮಾಡಿದರು.

"ಕುರಿ ಬೆಳಗ್ಗೆ ಎದ್ದು ಹೋಗುವಾಗ ಹೊಲಕ್ಕೆ ಗೊಬ್ಬರ ಬಿಟ್ಟು ಹೋಗ್ತಾವೆ. ನೀವು ಏನ್ ಬಿಟ್ಟು ಹೋಗ್ತೀರಿ ಅಂತ ಹೇಳ್ರಿ, ಆಮೇಲೆ ರೇಟು ಮಾತಾಡಾನ."

ಕೇಳಿದಷ್ಟು ಕೊಟ್ಟೆ.

ಎಡಗಣ್ಣು

ಮ್ಯಾನೇಜರು ಬಂದರು. ಒಳಗೆ ನಿಂತು ಓಡಾಡುವಷ್ಟು ಎತ್ತರದ ಎರಡು ಟೆಂಟ್ ಎದ್ದವು. ಜಾಗ ನೋಡಿ ಅವರಿಗೆ ಖುಷಿಯೋ ಖುಷಿ. ಆದರೆ ಮಲಗುವ ಮುಂಚೆ ಒಂದು ಮಾತು ಹೇಳಿದರು: "ಜಾಗ ಚೆನ್ನಾಗಿದೆ ಸರ್. ಜನ ಎಲ್ಲಿ? ನಿಮ್ಮ ಕಡೆಯವರಿಗೆ ಕ್ಯಾಂಪ್ ಅಂದರೆ ಏನು ಅಂತಾನಾದ್ರೂ ಗೊತ್ತಾ?"

ನನಗೆ ಶಿವಮೊಗ್ಗದವರು ಕಣ್ಣ ಮುಂದೆ ಬಂದರು.

ಬೆಳಕು ಹರಿಯುವ ಹೊತ್ತಿಗೆ ಹೊರಗೆ ಕೆಮ್ಮು, ಮಾತು. ಪರದೆ ಸರಿಸಿ ನೋಡುತ್ತೇನೆ, ಟೆಂಟಿನ ಬಾಗಿಲಿಂದ ಇಳಿಜಾರಿನವರೆಗೆ ಸಾಲು! ಅಜ್ಜ, ಅಜ್ಜಿಯರು, ಕೈ ಹಿಡಿದು ಕರೆತಂದ ಸೊಸೆಯರು, ತಿಂಡಿ ಡಬ್ಬಿ, ನೀರಿನ ಬಾಟಲಿ. ಬಾಮೈದನ ಕಡೆ ತಿರುಗಿದೆ.

"ನಿನ್ನೆ ಸಂಜೆ ಹಾಲು ತರಾಕೆ ಕೆಳಗಿನ ಊರಿಗೆ ಹೋಗಿದ್ನಲ್ಲ ಭಾವ. ಅಂಗಡಿಯವ್ನು ಕೇಳಿದ. ಗುಡ್ಡದ ಮೇಲೆ ಕ್ಯಾಂಪ್ ಐತೆ, ಬೆಂಗಳೂರಿಂದ ದೊಡ್ಡ ಸಾಹೇಬ್ರು ಬಂದಿದಾರೆ ಅಂದೆ. ಅಷ್ಟೇ."

ಅಷ್ಟು ಸಾಕಲ್ಲ! ಅಷ್ಟರಲ್ಲಿ ಪಕ್ಕದ ಟೆಂಟಿನಿಂದ ಮ್ಯಾನೇಜರು ಹೊರಬಂದರು. ಬಿಳೀ ಅಂಗಿ, ಹಣೆಗೆ ಪಟ್ಟಿ ಕಟ್ಟಿದ ಟಾರ್ಚು, ಅದೂ ಉರಿಯುತ್ತಿತ್ತು. ಸಾಲಿನವರೆಲ್ಲ ಎದ್ದು ಕೈ ಮುಗಿದರು.

"ಇವರೆಲ್ಲ ಯಾರು ಸರ್?"

"ಕ್ಯಾಂಪಿಗೆ ಬಂದವರು ಸರ್" ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅವರು ಹಿಗ್ಗಿ ಹೀರೇಕಾಯಿ ಆದರು. ಸಾಲಿನ ಉದ್ದಕ್ಕೂ ಓಡಾಡಿ ಫೋಟೋ ತೆಗೆದು ಹೆಡ್ ಆಫೀಸಿಗೆ ಕಳಿಸಿದರು. ಮುಂದೆ ನಿಂತಿದ್ದ ಅಜ್ಜಿಯನ್ನು ಮಾತಾಡಿಸಿದರು.

"ಅಜ್ಜಿ, ಮೊದಲು ಯಾವತ್ತಾದ್ರೂ ಕ್ಯಾಂಪಿಗೆ ಹೋಗಿದ್ರಾ?"

"ಹೂಂ ಕಣಪ್ಪ. ಹೋದ ವರ್ಷ ಸಂತೇಬೆನ್ನೂರಿಗೆ ಹೋಗಿದ್ದೆ."

"ಹೇಗಿತ್ತು ಅನುಭವ?"

"ಭಾಳ ಚಲೋ ಇತ್ತು. ಮೊದ್ಲು ಎಲ್ಲಾ ಮಬ್ಬು ಮಬ್ಬು. ಕ್ಯಾಂಪಿಂದ ಬಂದ್ಮ್ಯಾಲೆ ಲೋಕಾನೇ ಬೆಳ್ಳಗೆ ಕಾಣಾಕೆ ಹತ್ತೈತೆ."

ಮ್ಯಾನೇಜರು ನನ್ನ ಭುಜ ತಟ್ಟಿದರು. "ಕೇಳಿದ್ರಾ ಸರ್? ಪ್ರಕೃತಿ ಮಧ್ಯೆ ಒಂದು ರಾತ್ರಿ ಕಳೆದ್ರೆ ಮನುಷ್ಯನ ದೃಷ್ಟಿಯೇ ಬದಲಾಗುತ್ತೆ!"

"ಅದು ಬಲಗಣ್ಣು ಡಾಕ್ಟ್ರೇ" ಎಂದಳು ಅಜ್ಜಿ. "ಈಗ ಎಡಗಣ್ಣಿನ ಪೊರೆ ತೆಗೆಸಾಕೆ ಬಂದೀನಿ." ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ, ಅವರ ಹಣೆಯ ಟಾರ್ಚಿಗೆ ಸರಿಯಾಗಿ ಮುಖ ಹಿಡಿದು ನಿಂತಳು. ಹಿಂದಿನವರೂ ಒಬ್ಬೊಬ್ಬರಾಗಿ ರೆಪ್ಪೆ ಅಗಲಿಸತೊಡಗಿದರು.

ಮ್ಯಾನೇಜರು ಟಾರ್ಚ್ ಆರಿಸುವುದನ್ನೂ ಮರೆತು ನನ್ನ ಕಡೆ ತಿರುಗಿದರು. ಬೆಳಕು ನನ್ನ ಕಣ್ಣಿಗೇ ಬಿತ್ತು. ಅವರು ಬಾಯಿ ತೆರೆಯುವಷ್ಟರಲ್ಲಿ ಫೋನು. ಹೆಡ್ ಆಫೀಸಿನವರು ಕೂಗಿದ್ದು ನನಗೂ ಕೇಳಿಸಿತು: "ಹಳ್ಳಿಯಲ್ಲಿ ಇಷ್ಟು ಜನಾನಾ? ಶಹಬ್ಬಾಸ್! ಆ ಪಾರ್ಟಿನ ಬಿಡಬೇಡಿ!"

ಫೋಟೋ ಹಿಂದಕ್ಕೆ ಕರೆಸಿಕೊಳ್ಳಲು ಆಗುವುದಿಲ್ಲ. ವ್ಯಾಪಾರ ಕುದುರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲ.

"ಸರ್" ಎಂದೆ, "ನಮ್ಮ ಕಡೆ ಕಣ್ಣಿನ ಕ್ಯಾಂಪ್ ಐತೆ, ಹಲ್ಲಿನ ಕ್ಯಾಂಪ್ ಐತೆ, ಶುಗರ್ ಕ್ಯಾಂಪ್ ಐತೆ, ದನದ ಕ್ಯಾಂಪ್ ಐತೆ. ಎಲ್ಲಾ ಬಿಸಿಲಾಗೇ ನಡೀತಾವೆ. ಟೆಂಟ್ ಕೊಡ್ರಿ, ನಾನು ಮಾರ್ತೀನಿ."

ಮ್ಯಾನೇಜರು ಸಾಲನ್ನೊಮ್ಮೆ ನೋಡಿದರು, ಫೋನನ್ನೊಮ್ಮೆ ನೋಡಿದರು, ಕೈ ಕೊಟ್ಟರು. ಬಂದವರಿಗೆಲ್ಲ ಬಾಮೈದನಿಂದಲೇ ಉಪ್ಪಿಟ್ಟು ಮಾಡಿಸಿ, ವ್ಯಾನಿನಲ್ಲಿ ಕೆಳಗಿಳಿಸಿ ಕಳಿಸಿದೆ.

ಕೊನೆಯ ಲೆಕ್ಕ ಹೀಗಿದೆ. ನಾಲ್ಕು ತಾಲ್ಲೂಕಿನ ಏಜೆನ್ಸಿ ನನ್ನದಾಯಿತು. ಮೊದಲನೇ ಟೆಂಟು ಸಂತೇಬೆನ್ನೂರಿನ ಕಣ್ಣಿನ ಕ್ಯಾಂಪಿಗೆ ಹೋಯಿತು, ಅಜ್ಜಿಯ ಎಡಗಣ್ಣೂ ಅದರಲ್ಲೇ ತಪಾಸಣೆಯಾಗಿ, ಪೊರೆ ತೆಗೆದ ಮೇಲೆ ಸರಿಹೋಯಿತು. ಗೋದಾಮಿನಲ್ಲಿ ಈಗ ಒಂದೂ ಟೆಂಟ್ ಉಳಿದಿಲ್ಲ. ಮಾರಿದ ಅಷ್ಟೂ ಟೆಂಟಿನಲ್ಲಿ ಇಲ್ಲಿಯವರೆಗೆ ನೆಮ್ಮದಿಯಾಗಿ ನಿದ್ದೆ ಹೊಡೆದ ಗಿರಾಕಿ ಒಂದೇ ಒಂದು: ಜಗಳೂರಿನ ದನದ ಕ್ಯಾಂಪಿನಲ್ಲಿ ಮಂಪರಿನ ಇಂಜೆಕ್ಷನ್ ಹಾಕಿಸಿಕೊಂಡ ಎಮ್ಮೆ.