ಪೂಜೆಗೆ ಕೂತ ಲೀರಾ

ಅಂದಾನಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ತಾಯಿ ನಾಗರತ್ನಮ್ಮ ನಿಕೋಸನ ಲೀರಾವನ್ನು ಸರಸ್ವತಿಯ ಪಟದ ಮುಂದೆ ಪುಸ್ತಕಗಳ ಮೇಲೆ ಮಲಗಿಸಿ, ಕುಂಕುಮವಿಟ್ಟು, ರೇಷ್ಮೆ ಶಲ್ಯ ಹೊದಿಸಿ, ಮಂಗಳಾರತಿಯನ್ನೂ ಎತ್ತಿಬಿಟ್ಟಿದ್ದರು.

"ಅಮ್ಮಾ! ಅದು ಬೇರೆಯವರದು. ಇವತ್ತು ಸಂಜೆ ವಿಮಾನಕ್ಕೆ ಹೋಗ್ಬೇಕು!"

"ವಾದ್ಯ ತಾನೆ? ಸರಸ್ವತಿ ಪೂಜೆ ದಿನ ವಾದ್ಯಾನ ಮಂಚದ ಕೆಳಗೆ ತಳ್ಳಿದ್ದೀಯಲ್ಲೋ! ಇನ್ನು ನಾಳೆ ಬೆಳಿಗ್ಗೆ ಪುನಃಪೂಜೆ ಆಗೋವರ್ಗೂ ಮುಟ್ಟಂಗಿಲ್ಲ ಕಣಪ್ಪಾ."

ನಿಕೋಸ್ ಗ್ರೀಸಿನ ಕ್ರೀಟ್ ದ್ವೀಪದವನು. ಚೆನ್ನೈನ ಅಂಬತ್ತೂರಿನಲ್ಲಿ ಅಂದಾನಿ ಕೆಲಸ ಮಾಡುವ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಬಂದಿದ್ದ. ಲೀರಾ ಅವನ ತೀರಿಹೋದ ತಂದೆಯದು. ಸೌಟಿನಂಥ ಮೈ, ಮೂರೇ ತಂತಿ. ತೊಡೆಯ ಮೇಲೆ ನಿಲ್ಲಿಸಿಕೊಂಡು ಕಮಾನು ಎಳೆಯುತ್ತ, ತಂತಿಗೆ ಪಕ್ಕದಿಂದ ಉಗುರು ತಾಗಿಸಿ ನುಡಿಸುತ್ತಾರೆ. ಅವರ ಹಳ್ಳಿಯಲ್ಲಿ ಅದಿಲ್ಲದೆ ಮದುವೆಯೇ ಆಗುವುದಿಲ್ಲವಂತೆ. ಅದರ ಬಿರಡೆ ಸೀಳಿದಾಗ, "ಕೊಡಿ, ನಮ್ಮ ಬೆಸೆಂಟ್ ನಗರದಲ್ಲಿ ಪಿಟೀಲು ರಿಪೇರಿಯವರಿದ್ದಾರೆ" ಎಂದವನು ಅಂದಾನಿಯೇ. ಯಾರೂ ಕೇಳಿರಲಿಲ್ಲ. ಕೇಳದ ಉಪಕಾರ ಮಾಡುವುದು ಅವನ ಹುಟ್ಟುಗುಣ. ರಿಪೇರಿಯಾದ ಲೀರಾ ಹಿಂದಿನ ದಿನವಷ್ಟೇ ಅವನ ಮನೆಗೆ ಬಂದಿತ್ತು.

ತಾಯಿ ಅಡುಗೆಮನೆಗೆ ಹೋದದ್ದೇ ತಡ, ಅವನು ಶಲ್ಯದೊಳಗೆ ಕೈ ಹಾಕಿದ. ಬಾಗಿಲಲ್ಲಿ ಮೇಲಿನ ಮನೆಯ ತಮಿಳಿನ ಜಯಲಕ್ಷ್ಮೀ ಮಾಮಿ ಸುಂಡಲ್ ಎಂಬ ಕಡಲೆ ಉಸುಲಿಯ ಡಬ್ಬಿ ಹಿಡಿದು ನಿಂತಿದ್ದರು. ಅಂದಾನಿ ಇದ್ದಲ್ಲೇ ಉದ್ದಕ್ಕೆ ಅಡ್ಡಬಿದ್ದ.

"ಎಷ್ಟು ಭಕ್ತಿ ನೋಡು!" ಎಂದರು ಮಾಮಿ. ವಿಷಯ ತಿಳಿದ ಮೇಲೆ ಮಾತ್ರ ಅವರ ದನಿ ಬದಲಾಯಿತು. "ಐಯೈಯೋ, ಮುಟ್ಟಬಾರದಪ್ಪಾ! ನಮ್ಮನೆಯವರು ಒಂದ್ಸಲ ಈ ದಿನ ಪೇಪರ್ ಓದಿದ್ರು. ಮಾರನೇ ದಿನಾನೇ ಕನ್ನಡಕ ಒಡೆದುಹೋಯ್ತು, ಗೊತ್ತಾ? ತೆರಿಯುಮಾ?"

ಅವರು ಕುರ್ಚಿ ಎಳೆದುಕೊಂಡು ಕಾವಲಿಗೆ ಕೂತರು. ಆ ದಿನ ಓದುವಂತಿಲ್ಲ, ಬರೆಯುವಂತಿಲ್ಲ, ಇಡೀ ಕಟ್ಟಡಕ್ಕೆ ಬೇರೆ ಕೆಲಸವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕಟ್ಟಡ ಅಂದಾನಿಯ ಮನೆಯಲ್ಲಿ ಸೇರಿ, ಕಾಣದ ವಾದ್ಯವನ್ನು ಶಲ್ಯದ ಮೇಲಿಂದಲೇ ನೋಡುತ್ತ ಸುಂಡಲ್ ತಿನ್ನುತ್ತಿತ್ತು.

ಅಂದಾನಿಗೆ ಒಂದು ಕಾಳೂ ಇಳಿಯಲಿಲ್ಲ. ನಿಕೋಸ್ ಲೀರಾವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಿದ್ದ. ಅಷ್ಟು ನಂಬಿದವನಿಗೆ ಯಾವ ಮುಖ ತೋರಿಸುವುದೆಂದು ಅವನಿಗೆ ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ವಿಮಾನಕ್ಕೆಂದು ಹೊರಟ ನಿಕೋಸನೇ ಪೆಟ್ಟಿಗೆಗಳ ಸಮೇತ ಬಂದ. ಅಂದಾನಿ ತೊದಲುತ್ತ ಎಲ್ಲವನ್ನೂ ಹೇಳಿದ. ನಿಕೋಸ್ ಶೂ ಕಳಚಿ ಒಳಗೆ ಹೋಗಿ, ಶಲ್ಯದ ಮುಂದೆ ನಿಂತ.

"ನಿನ್ನೆ ಕಾರ್ಖಾನೆಯಲ್ಲಿ, ರಜೆಗೆ ಮೊದಲೇ ಆಯುಧಪೂಜೆ ಎಂದು ನನ್ನ ಯಂತ್ರಕ್ಕೂ ಹಾರ ಹಾಕಿ ನಿಲ್ಲಿಸಿಬಿಟ್ಟಿರಿ. ಆಗ ನಗು ಬಂತು," ಎಂದ. "ಅಪ್ಪ ಹೋದಾಗ ಅಮ್ಮ ಒಂದು ವರ್ಷ ಇದನ್ನು ಮುಟ್ಟಗೊಡಲಿಲ್ಲ. ನುಡಿಸದ ದಿನಕ್ಕೂ ಒಂದು ಮರ್ಯಾದೆ ಇದೆ. ನಾನು ನಾಳೆ ಹೋಗುತ್ತೇನೆ. ಬೆಳಿಗ್ಗೆ ನಾನೇ ನುಡಿಸುತ್ತೇನೆ."

ಅಂದಾನಿಗೆ ಹೋದ ಜೀವ ಬಂದಂತಾಯಿತು. ಉಳಿದ ಸುಂಡಲನ್ನೆಲ್ಲ ಅವನೇ ತಿಂದ.

ಮರುದಿನ ವಿಜಯದಶಮಿ. ಪೂಜೆಯಾಗಿ ಶಲ್ಯ ತೆಗೆದರು. ನಿಕೋಸ್ ಜಮಖಾನದ ಮೇಲೆ ಕೂತು ಕಮಾನು ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

"ಕುಣಿಯುವವರು ಯಾರು?"

ಲೀರಾ ಕೂತು ಕೇಳುವ ವಾದ್ಯವಲ್ಲವಂತೆ. ಕುಣಿಯುವವನ ಪಾದ ನೋಡಿಕೊಂಡು ನುಡಿಸಬೇಕು. ಕುಣಿಯುವವರಿಲ್ಲದೆ ಅವನಪ್ಪ ಒಮ್ಮೆಯೂ ಕಮಾನು ಮುಟ್ಟಿದವರಲ್ಲ.

"ದೇವ್ರ ಮುಂದಿಟ್ಟಿದ್ದು ಇವತ್ತು ನುಡೀದೆ ಹೋಗ್ಬಾರ್ದು. ಏಳೋ," ಎಂದರು ನಾಗರತ್ನಮ್ಮ.

"ನಾನಾ?"

"ತಂದೋನು ನೀನು ತಾನೆ?"

ಅಂದಾನಿ ಪಂಚೆ ಎತ್ತಿ ಕಟ್ಟಿದ. ಬಿಸಿ ಮರಳಿನ ಮೇಲೆ ನಿಂತವನಂತೆ ಒಂದೊಂದೇ ಕಾಲು ಎತ್ತಿಟ್ಟ. ಕಟ್ಟಡವೆಲ್ಲ ನಕ್ಕಿತು. ಆದರೆ ಆ ಮೂರು ತಂತಿಗಳಲ್ಲಿ ಮದುವೆಯೂ ಇತ್ತು, ಅಳುವೂ ಇತ್ತು. ನಿಕೋಸ್ ಅವನ ಪಾದಗಳನ್ನೇ ನೋಡುತ್ತ, ಕಣ್ಣು ತುಂಬಿಕೊಂಡು ನುಡಿಸಿದ. ನಗು ನಿಂತುಹೋಯಿತು.

ಮುಗಿಯಿತಲ್ಲ ಎಂದು ಅಂದಾನಿ ಬೆವರೊರೆಸಿಕೊಂಡು ಕೂತ.

"ವಿಜಯದಶಮಿಲಿ ಶುರು ಮಾಡಿದ ವಿದ್ಯೆ ಬಿಡಬಾರದಪ್ಪಾ," ಎಂದರು ಮಾಮಿ. "ನಾಳೆಯಿಂದ ದಿನಾ ಮೊಟ್ಟೈಮಾಡಿಗೆ ಬಾ. ನಾವೆಲ್ಲಾ ತಾರಸಿ ಮೇಲೇ ಇರ್ತೀವಿ."

"ಲೀರಾನೇ ಹೊರಟುಹೋಗತ್ತಲ್ಲ ಮಾಮಿ!"

ನಿಕೋಸ್ ಪೆಟ್ಟಿಗೆಯಿಂದ ಒಂದು ಕ್ಯಾಸೆಟ್ ತೆಗೆದು, ಎರಡೂ ಕೈಯಲ್ಲಿ ಹಿಡಿದು, ನಾಗರತ್ನಮ್ಮನವರಿಗೆ ಕೊಟ್ಟ.

"ಅಪ್ಪ ನುಡಿಸಿದ್ದು," ಎಂದ. "ಎರಡೂ ಬದಿ ತುಂಬಿದೆ."